ಕಾರವಾರದ ಉಪ್ಪುಗಾಳಿಗೆ ತಾಳುವ ಇಯರ್‌ಫೋನ್: ರಿಪೇರಿಯೋ, ಹೊಸದೋ?

ಕಾಳಿ_ದಂಡೆ:
ಬೆಳಿಗ್ಗೆ ಟ್ಯಾಗೋರ್ ಬೀಚಿನಲ್ಲಿ ಓಡುವಾಗ ಹಾಕಿಕೊಳ್ಳಲು ವೈರ್ ಇರುವ ಇಯರ್‌ಫೋನ್ ಬೇಕು. ಫೋನಿಗೆ 3.5 ಎಂಎಂ ಜ್ಯಾಕ್ ಇದೆ. ಬಜೆಟ್ 2,000 ರೂಪಾಯಿ. ಈಗಿರುವುದರಲ್ಲಿ ಎರಡೂ ಕಿವಿಗೆ ವಾದ್ಯ ಕೇಳುತ್ತದೆ, ಹಾಡುವವರ ದನಿ ಮಾತ್ರ ಬಾವಿಯೊಳಗಿಂದ ಬಂದ ಹಾಗೆ. ಪಿನ್ ಹತ್ತಿರ ವೈರನ್ನು ಒತ್ತಿ ಹಿಡಿದರೆ ಸರಿಹೋಗುತ್ತದೆ. ಬೆವರಿದಾಗ ಹಾಡು ತನ್ನಷ್ಟಕ್ಕೇ ನಿಲ್ಲುವುದೂ ಉಂಟು. ಇದನ್ನೇ ರಿಪೇರಿ ಮಾಡಬಹುದಾ, ಹೊಸದೇ ತಗೊಳ್ಳಬೇಕಾ? ಹೊಸದಾದರೆ ಏನು ನೋಡಿ ತಗೊಳ್ಳಲಿ?

ಬೆಸುಗೆ_ಕಡ್ಡಿ:
ಸ್ಪೀಕರ್ ಎರಡೂ ಚೆನ್ನಾಗಿವೆ, ಎಸೆಯಬೇಡಿ. ತುಂಡಾಗಿರುವುದು ಗ್ರೌಂಡ್ ವೈರ್, ಅಂದರೆ ಕರೆಂಟ್ ಮರಳಿ ಹೋಗುವ ವೈರ್. ಅದು ಎಡ-ಬಲ ಎರಡಕ್ಕೂ ಒಂದೇ. ಕಡಿದಾಗ ಎರಡು ಸ್ಪೀಕರ್‌ಗಳೂ ಸರಣಿಯಲ್ಲಿ ಸೇರಿ, ಎರಡೂ ಕಡೆ ಸಮನಾಗಿರುವ ದನಿ ಕಳೆದುಹೋಗಿ ವ್ಯತ್ಯಾಸವಷ್ಟೇ ಉಳಿಯುತ್ತದೆ. ಗಾಯಕರ ದನಿ ಸಾಮಾನ್ಯವಾಗಿ ಎರಡೂ ಕಡೆ ಸಮ ಇರುವುದರಿಂದ ಮಾಯವಾಗುವುದು ಅದೇ. ಒಂದೇ ಕಿವಿ ಸತ್ತಿದ್ದರೆ ಆ ಕಡೆಯ ವೈರ್ ಹೋಗಿದೆ ಎನ್ನಬಹುದಿತ್ತು.

ಖಾತ್ರಿಗೆ ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು, ಪಿನ್ನಿನ ತುದಿಗೂ ಮೂರನೇ ಉಂಗುರಕ್ಕೂ ಹಿಡಿಯಿರಿ. ತುದಿಯನ್ನೇ ಒಂದು ಎಂದು ಎಣಿಸಿ. 16 ಅಥವಾ 32ರ ಆಸುಪಾಸು ತೋರಿಸಬೇಕು. ವೈರನ್ನು ಬಾಗಿಸಿದಾಗ ಅಂಕಿ ಎಲ್ಲಿ ಹಾರುತ್ತದೋ ಅಲ್ಲಿಯೇ ಕಡಿದಿದೆ. ನಿಮ್ಮದರಲ್ಲಿ ಪಿನ್ನಿನ ಬುಡದಿಂದ 1-2 ಸೆಂ.ಮೀ. ಒಳಗೇ ಸಿಗುತ್ತದೆ ನೋಡಿ.

ರಿಪೇರಿಗೆ ನಾಲ್ಕು ಸಂಪರ್ಕದ, ಅಂದರೆ ಮೂರು ಕಪ್ಪು ಗೆರೆಯ 3.5 ಎಂಎಂ ಪಿನ್ ತನ್ನಿ. ಗಟ್ಟಿ ಭಾಗದಿಂದ 3 ಸೆಂ.ಮೀ. ಬಿಟ್ಟು ವೈರ್ ಕತ್ತರಿಸಿ. ಬೆಸುಗೆ ಹಾಕುವ ಮೊದಲೇ ಪಿನ್ನಿನ ಟೊಪ್ಪಿ, ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಎರಡನ್ನೂ ವೈರಿಗೆ ತೂರಿಸಿಡಿ. ಇದನ್ನು ಮರೆತು ಮತ್ತೆ ಬಿಚ್ಚದವರೇ ಕಡಿಮೆ.

ಒಳಗಿನ ಎಳೆಗಳು ಬರೀ ತಾಮ್ರದ ಹಾಗೆ ಕಂಡರೂ ಮೇಲೆ ವಾರ್ನಿಷ್ ಇರುತ್ತದೆ, ಹಾಗೇ ಬೆಸೆದರೆ ಹಿಡಿಯುವುದಿಲ್ಲ. ಸೋಲ್ಡರಿಂಗ್ ಐರನ್ 380 ಡಿಗ್ರಿಗೆ ಕಾಯಿಸಿ, ತುದಿಯಲ್ಲಿ ಸೀಸದ ಹನಿ ನಿಲ್ಲಿಸಿ, ಬೆಸುಗೆ ಹಿಡಿಸುವ ಫ್ಲಕ್ಸ್ ಹಚ್ಚಿದ ಎಳೆಯನ್ನು ಅದರಲ್ಲಿ ಮೂರು ಸೆಕೆಂಡ್ ಅದ್ದಿ. ವಾರ್ನಿಷ್ ಸುಟ್ಟು ಎಳೆ ಬೆಳ್ಳಗಾಗಬೇಕು. ಆ ಹೊಗೆ ಒಳ್ಳೆಯದಲ್ಲ, ಕಿಟಕಿ ತೆಗೆದಿಡಿ. ತಾಮ್ರದ ಜೊತೆ ಇರುವ ನೈಲಾನ್ ದಾರವನ್ನು ಕತ್ತರಿಸಿ.

ತುದಿಗೆ ಎಡ, ಎರಡನೆಯದಕ್ಕೆ ಬಲ, ಮೂರನೆಯದಕ್ಕೆ ಗ್ರೌಂಡ್, ಬುಡಕ್ಕೆ ಮೈಕ್. ಹಸಿರು ಎಡ, ಕೆಂಪು ಬಲ, ತಾಮ್ರದ ಬಣ್ಣ ಗ್ರೌಂಡ್ ಎನ್ನುವುದು ವಾಡಿಕೆ ಅಷ್ಟೇ. ಮೀಟರ್ ಹಿಡಿದೇ ನಂಬಿ. ಪಿನ್ನನ್ನು ಯಾವುದಾದರೂ ಹಳೆಯ ಸಾಕೆಟ್‌ಗೆ ಚುಚ್ಚಿಟ್ಟು ಬೆಸೆಯಿರಿ. ಇಲ್ಲದಿದ್ದರೆ ಬಿಸಿಗೆ ಉಂಗುರಗಳ ನಡುವಿನ ಪ್ಲಾಸ್ಟಿಕ್ ಕರಗಿ ಪಿನ್ ಸೊಟ್ಟಗಾಗುತ್ತದೆ. ಕೊನೆಗೆ 3 ಎಂಎಂ ಶ್ರಿಂಕ್ 1.5 ಸೆಂ.ಮೀ., ಅದರ ಮೇಲೆ 4 ಎಂಎಂನದು 3 ಸೆಂ.ಮೀ. ಬುಡದಲ್ಲಿ ಗಟ್ಟಿ, ಮುಂದೆ ಹೋದಂತೆ ಮೆತ್ತಗೆ. ಬಾಗು ಒಂದೇ ಕಡೆ ಬೀಳದಿದ್ದರೆ ತಾಮ್ರ ಬೇಗ ತುಂಡಾಗುವುದಿಲ್ಲ.

ಹಾಡು ನಿಲ್ಲುವುದು ಬೇರೆ ರೋಗ. ವೈರಿನ ಮೇಲಿನ ರಿಮೋಟಿನಲ್ಲಿ ಹಾಡು ನಿಲ್ಲಿಸುವ ಗುಂಡಿ ಒತ್ತಿದಾಗ ಮೈಕ್ ವೈರ್ ಗ್ರೌಂಡಿಗೆ ತಾಗುತ್ತದೆ, ಫೋನಿಗೆ ಅದೇ ಸೂಚನೆ. ಒಳಗೆ ಇಳಿದ ಬೆವರೂ ಅದೇ ಕೆಲಸ ಮಾಡುತ್ತದೆ. ರಿಮೋಟಿನ ಚಿಪ್ಪು ಬಿಡಿಸಿ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು ಒಣಗಿಸಿ. ಓಡುವಾಗ ಮಾತಾಡುವುದಿಲ್ಲ ಎಂದರೆ ಮೈಕ್ ಎಳೆಯನ್ನು ಪಿನ್ನಿಗೆ ಬೆಸೆಯದೆ ಬಿಟ್ಟರೂ ಆಯಿತು.

ಘಟ್ಟದ_ಮೇಲೆ:
ರಿಪೇರಿ ಸರಿ, ಆದರೆ ಹೊಸದು ತಗೊಳ್ಳುವುದಾದರೆ ವೈರ್ ಬಿಚ್ಚಿ ಬದಲಿಸುವಂಥದ್ದೇ ತಗೊಳ್ಳಿ. ನಿಮ್ಮ ಬಜೆಟ್‌ನಲ್ಲಿ ಸಿಗುತ್ತದೆ. ಮೂನ್‌ಡ್ರಾಪ್ ಚು 2 ಹಾಗಿದೆ, ಮೊದಲಿನ ಚು ಹಾಗಿರಲಿಲ್ಲ. ಹೆಸರು ನೋಡಿ ಮೋಸ ಹೋಗಬೇಡಿ.

ವೈರ್ ಇಯರ್‌ಫೋನಿಗೆ ಸೇರುವ ಜೋಡಣೆ ಎರಡು ಥರ. ಎಂಎಂಸಿಎಕ್ಸ್ ಗುಂಡಗೆ, ತಿರುಗುತ್ತದೆ. ತಿರುಗಿ ತಿರುಗಿ ಸವೆದು, ಮೇಲಿಂದ ಬೆವರಿನ ಉಪ್ಪೂ ಸೇರಿ ಕರಕರ ಶುರುವಾಗುತ್ತದೆ. ಕರಾವಳಿಗೆ ನನ್ನ ಓಟು ಎರಡು ಪಿನ್ನಿನದಕ್ಕೆ. ಅದರಲ್ಲೂ 0.78 ಎಂಎಂ ಮತ್ತು 0.75 ಎಂಎಂ ಎಂದು ಎರಡು ಅಳತೆ ಇವೆ. ದಪ್ಪದ್ದನ್ನು ಸಣ್ಣ ತೂತಿಗೆ ಒತ್ತಿದರೆ ಚಿಪ್ಪೇ ಸೀಳಬಹುದು. ಬಿಚ್ಚುವಾಗ ನೇರ ಎಳೆಯಿರಿ, ಅಲ್ಲಾಡಿಸಿದರೆ ಪಿನ್ ಬಾಗುತ್ತದೆ. ಕಿಸೆಯಲ್ಲಿ ಫೋನ್ ಇಟ್ಟು ಓಡುವವರಿಗೆ ನೇರ ಪಿನ್ನಿಗಿಂತ ಎಲ್ ಆಕಾರದ ಪಿನ್ ವಾಸಿ.

ಉಪ್ಪಿನಾಗರ:
ಖರೀದಿಗಿಂತ ಒರೆಸುವುದರಲ್ಲೇ ಆಯುಷ್ಯ ಇರುವುದು. ಗಾಳಿಯ ತೇವ ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಮಳೆಗಾಲದಲ್ಲಿ ಕಾರವಾರದ ಗಾಳಿ ಬಹುಪಾಲು ಅದಕ್ಕಿಂತ ಮೇಲೆಯೇ. ಅಂದರೆ ಇಯರ್‌ಫೋನಿಗೆ ಅಂಟಿದ ಉಪ್ಪು ಒಣಗುವುದೇ ಇಲ್ಲ, ದಿನವಿಡೀ ಉಪ್ಪುನೀರಾಗಿ ಲೋಹ ತಿನ್ನುತ್ತದೆ. ಹಾಗಾಗಿ ಒಣಬಟ್ಟೆಯಲ್ಲಿ ಒರೆಸಿದರೆ ಉಪ್ಪು ಹರಡುತ್ತದಷ್ಟೇ. ಮೊದಲು ಸಿಹಿನೀರಲ್ಲಿ ಹಿಂಡಿದ ಬಟ್ಟೆ, ಆಮೇಲೆ ಒಣಬಟ್ಟೆ.

ಆಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ 50 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಜೊತೆ ಇಡಿ. ತೇವ ಹೀರಿ ಹಸಿರಾದರೆ ಓವನ್‌ನಲ್ಲಿ 110-120 ಡಿಗ್ರಿಗೆ ಎರಡು ತಾಸು ಕಾಯಿಸಿದರೆ ಮತ್ತೆ ಕಿತ್ತಳೆ. ನೀಲಿಯದು ಬೇಡ, ಅದರಲ್ಲಿ ಕೋಬಾಲ್ಟ್ ಇರುತ್ತದೆ. ಅಕ್ಕಿ ಡಬ್ಬಿಯಲ್ಲಿ ಹುಗಿಯುವುದೂ ಬೇಡ, ಹಿಟ್ಟಿನ ಧೂಳು ಜಾಲರಿಗೆ ಹೋಗುತ್ತದೆ. ಶಿರಸಿ ಕಡೆಯವರಿಗೆ ಒಂದು ಮಾತು: ಬಚ್ಚಲೊಲೆ ಮೇಲೆ ಒಣಗಲು ಇಟ್ಟರೆ ಅಂಟು ಬಿಡುತ್ತದೆ.

ಒಂದು ಕಿವಿ ಸಣ್ಣಗೆ ಕೇಳಿದರೆ ಮೊದಲು ಗುಗ್ಗೆ ನೋಡಿ. ರಬ್ಬರ್ ತೆಗೆದು, ಜಾಲರಿ ಕೆಳಮುಖ ಮಾಡಿ, ಒಣ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ. ಮೇಲ್ಮುಖ ಹಿಡಿದು ಉಜ್ಜಿದರೆ ಎಲ್ಲ ಒಳಗೇ.

ಕಾಳಿ_ದಂಡೆ:
ಪಿನ್ನಿನ ಬುಡಕ್ಕೆ ಬಾಲ್‌ಪೆನ್ ಸ್ಪ್ರಿಂಗ್ ಸುತ್ತಿದರೆ ಹೇಗೆ? ಐಪಿಎಕ್ಸ್7 ಇರುವ ವೈರ್‌ಲೆಸ್ ತಗೊಂಡರೆ ಈ ತಲೆಬಿಸಿ ಇಲ್ಲ ಅಲ್ವಾ?

ಬೆಸುಗೆ_ಕಡ್ಡಿ:
ಸ್ಪ್ರಿಂಗ್ ಬೇಡ. ಬಾಗು ಸ್ಪ್ರಿಂಗ್ ಮುಗಿಯುವಲ್ಲಿಗೆ ದಾಟಿ ಅಲ್ಲಿ ಕಡಿಯುತ್ತದೆ.

ಐಪಿಎಕ್ಸ್7 ಎಂದರೆ 1 ಮೀಟರ್ ಆಳದ ಸಿಹಿನೀರಲ್ಲಿ 30 ನಿಮಿಷ. ಸಮುದ್ರದ ನೀರಿನ ಲೆಕ್ಕ ಅದರಲ್ಲಿಲ್ಲ, ಚಾರ್ಜಿಂಗ್ ಡಬ್ಬಿಗೂ ಆ ಅಂಕಿ ಅನ್ವಯಿಸಬೇಕೆಂದಿಲ್ಲ. ಬೆವರು ಒರೆಸದೆ ಡಬ್ಬಿಗೆ ಹಾಕಿದರೆ ಚಾರ್ಜಿಂಗ್ ಮೊಳೆಗಳಲ್ಲಿ ಕರೆಂಟ್ ಮತ್ತು ಉಪ್ಪುನೀರು ಒಟ್ಟಿಗೆ ಸೇರಿ, ಬರೀ ಗಾಳಿಗೆ ಇಟ್ಟದ್ದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ಮೇಲಿಂದ ಬ್ಯಾಟರಿ ಸವೆದರೆ ಬದಲಿಸಲು ಚಿಪ್ಪು ಒಡೆಯಲೇಬೇಕು. ನಿಮ್ಮ ಫೋನಿನಲ್ಲಿ ಜ್ಯಾಕ್ ಇದ್ದಷ್ಟು ದಿನ ವೈರೇ ಇರಲಿ. ಫೋನಿಗೆ ಸುತ್ತಿಡಬೇಡಿ, ನಾಲ್ಕು ಬೆರಳಗಲ ಸಡಿಲ ಸುರುಳಿ ಮಾಡಿ.