ಪ್ಯಾನ್ಸ್ ಇರುವ ಮಗಳಿಗೆ ಈಗ ಥೈರಾಯ್ಡ್ ಆಂಟಿಬಾಡಿಯೂ ಜಾಸ್ತಿ ಬಂದಿದೆ, ಎರಡಕ್ಕೂ ಸಂಬಂಧ ಇದೆಯಾ?

ಮುಂಗಾರುಮೋಡ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ಮಗಳಿಗೆ ಒಂಬತ್ತು ವರ್ಷ. ಹೋದ ವರ್ಷ ಗಂಟಲು ನೋವು, ಜ್ವರ ಬಂದು ಹೋದ ಮೇಲೆ ಇದ್ದಕ್ಕಿದ್ದಂತೆ ಒಸಿಡಿ (ಬೇಡವೆಂದರೂ ಬರುವ ಯೋಚನೆ, ಮಾಡಿದ್ದನ್ನೇ ಮಾಡುವ ಕಾಯಿಲೆ) ಶುರುವಾಯಿತು. ಒಂದೆರಡು ದಿನದಲ್ಲಿ ಮಗು ಬೇರೆಯೇ ಆಗಿಬಿಟ್ಟಳು. ಬಿಡದೆ ಕೈ ತೊಳೆಯುವುದು, ಊಟದಲ್ಲಿ ಏನೋ ಸೇರಿದೆ ಎಂಬ ಭಯ, ರಾತ್ರಿ ನಿದ್ದೆ ಇಲ್ಲ, ಎಂದೋ ನಿಂತಿದ್ದ ಹಾಸಿಗೆ ಒದ್ದೆ ಮಾಡಿಕೊಳ್ಳುವುದು ಮತ್ತೆ ಶುರು, ಮುದ್ದಾಗಿದ್ದ ಅಕ್ಷರ ಗುರುತೇ ಸಿಗದಂತೆ ಕೆಟ್ಟಿತು. ಡಾಕ್ಟರು ಪ್ಯಾನ್ಸ್ ಎಂದರು, ಅಂದರೆ ಮಕ್ಕಳಲ್ಲಿ ಒಸಿಡಿಯಂಥ ಲಕ್ಷಣಗಳು ಥಟ್ಟನೆ ಶುರುವಾಗುವ ಸ್ಥಿತಿ. ಸ್ಟ್ರೆಪ್ ಬ್ಯಾಕ್ಟೀರಿಯಾ ಸೋಂಕು ಆಗಿದ್ದಕ್ಕೆ ಪುರಾವೆ ಸಿಕ್ಕಿದ್ದರಿಂದ ಪ್ಯಾಂಡಾಸ್ ಎಂದೂ ಹೇಳಬಹುದಂತೆ. ಆಂಟಿಬಯಾಟಿಕ್, ಥೆರಪಿ ಎಲ್ಲ ಆಗಿ ಎಷ್ಟೋ ಸುಧಾರಿಸಿದ್ದಳು.

ಈಗ ಮತ್ತೆ ಫ್ಲೇರ್ ಆಗಿದೆ (ಲಕ್ಷಣಗಳು ಮತ್ತೆ ಜೋರಾಗಿವೆ), ಊಟ ಅರ್ಧಕ್ಕೆ ಇಳಿದಿದೆ. ಈ ಸಲದ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) 6.8 ಬಂದಿದೆ. ಥೈರಾಯ್ಡ್ ಹಾರ್ಮೋನ್‌ಗಳಲ್ಲಿ ಫ್ರೀ ಟಿ4 ನಾರ್ಮಲ್, ಟಿ3 ಸ್ವಲ್ಪ ಕಡಿಮೆ, ಥೈರಾಯ್ಡ್ ಆಂಟಿಬಾಡಿಯಾದ ಆಂಟಿ-ಟಿಪಿಒ ಮಾತ್ರ ಲ್ಯಾಬ್ ಮಿತಿಗಿಂತ ಎಷ್ಟೋ ಪಟ್ಟು ಜಾಸ್ತಿ. ನನಗೂ ನನ್ನ ಅಮ್ಮನಿಗೂ ಥೈರಾಯ್ಡ್ ತೊಂದರೆ ಇದೆ. ಒಬ್ಬ ಡಾಕ್ಟರು "ಎಲ್ಲದಕ್ಕೂ ಥೈರಾಯ್ಡೇ ಕಾರಣ, ಪ್ಯಾನ್ಸ್ ಅನ್ನುವುದನ್ನು ಮರೆತುಬಿಡಿ" ಎಂದರು. ಇನ್ನೊಬ್ಬರು "ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ" ಎಂದರು. ನೆಟ್‌ನಲ್ಲಿ ಹುಡುಕಿದರೆ ಹಶಿಮೊಟೊ ಎನ್ಸೆಫಲೋಪತಿ (ಥೈರಾಯ್ಡ್ ಆಂಟಿಬಾಡಿ ಜೊತೆ ಕಾಣುವ ಮೆದುಳಿನ ಕಾಯಿಲೆ) ಅಂತ ಬಂದು ಕೈಕಾಲು ತಣ್ಣಗಾಯಿತು.

ಈ ಥೈರಾಯ್ಡ್‌ನಿಂದಲೇ ಅವಳ ನಡವಳಿಕೆ ಹೀಗಾಗಿರಬಹುದಾ? ಮಾತ್ರೆ ಶುರು ಮಾಡಬೇಕಾ? ನಿಮ್ಮ ಮಕ್ಕಳಲ್ಲಿ ಯಾರಿಗಾದರೂ ಎರಡೂ ಒಟ್ಟಿಗೆ ಇದೆಯಾ?

ಹೊಂಗೆನೆರಳು

ನಮ್ಮ ಮಗನಿಗೆ ಎರಡೂ ಇದೆ, ಈಗ ಹದಿಮೂರು ವರ್ಷ. ಮೊದಲು ಒಂದು ಸಮಾಧಾನದ ಮಾತು. ನೀವು ಬರೆದ ನಂಬರುಗಳನ್ನು ನೋಡಿ ಗಾಬರಿ ಆಗುವಂಥದ್ದೇನೂ ನನಗೆ ಕಾಣಲಿಲ್ಲ.

ನಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ವೇಗ ನೋಡುವುದು. ಪ್ಯಾನ್ಸ್ ಬರುವುದು ಒಂದೆರಡು ದಿನದಲ್ಲಿ, ತಾಯಿಗೆ ತಾರೀಖು ನೆನಪಿರುವಷ್ಟು ಥಟ್ ಅಂತ. ಥೈರಾಯ್ಡ್ ಕಡಿಮೆ ಆಗುವುದು ತಿಂಗಳುಗಟ್ಟಲೆ ನಿಧಾನವಾಗಿ. ಮಗು ಸುಸ್ತಾಗುತ್ತದೆ, ಮಲಬದ್ಧತೆ, ಒಣ ಚರ್ಮ, ಸುಮ್ನೆ ಕೂತರೂ ಚಳಿ, ಓದಿನಲ್ಲಿ ಮಂದ. ಮುಖ್ಯವಾಗಿ ಎತ್ತರ ಬೆಳೆಯುವುದು ನಿಧಾನ ಆಗುತ್ತದೆ. ಹಳೆಯ ಎತ್ತರ-ತೂಕದ ಲೆಕ್ಕ ಎಲ್ಲಿದ್ದರೂ ಹುಡುಕಿ ತೆಗೆಯಿರಿ. ಲಸಿಕೆ ಪುಸ್ತಕ, ಶಾಲೆಯ ಆರೋಗ್ಯ ತಪಾಸಣೆ ಕಾರ್ಡ್, ಏನಾದರೂ ಸರಿ. ನಮ್ಮ ಮಗನ ಎತ್ತರದ ಗೆರೆ ಫ್ಲೇರ್‌ಗಿಂತ ಬಹಳ ಮೊದಲೇ ಬಾಗಿತ್ತು. ಅದನ್ನು ನೋಡಿಯೇ ಡಾಕ್ಟರು ಇವನಿಗೆ ಥೈರಾಯ್ಡ್ ತೊಂದರೆ ನಿಜವಾಗಿಯೂ ಇದೆ, ಪ್ಯಾನ್ಸ್ ಅದರ ಮೇಲೆ ಬಂದು ಕೂತಿದೆ ಎಂದು ತೀರ್ಮಾನ ಮಾಡಿದರು.

ಮಾತ್ರೆ ಶುರು ಮಾಡಿದ ಮೇಲೆ ಅವನ ಸುಸ್ತು ಹೋಯಿತು, ಎತ್ತರ ಮತ್ತೆ ಏರಿತು, ಬೆಳಿಗ್ಗೆ ಏಳುವುದು ಸುಲಭ ಆಯಿತು. ಒಸಿಡಿ ಮಾತ್ರ ಹಾಗೇ ಇತ್ತು. ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕಾಯಿತು. ಥೈರಾಯ್ಡ್ ಮಾತ್ರೆಯಿಂದ ಮಗು ಪೂರ್ತಿ ಮೊದಲಿನಂತೆ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಪ್ಯಾನ್ಸ್ ಚಿಕಿತ್ಸೆಯನ್ನು ಮಾತ್ರ ನಿಲ್ಲಿಸಬೇಡಿ, ಪ್ಲೀಸ್.

ಬಿಳಿಕೋಟು

ನಾನು ಮಕ್ಕಳ ಹಾರ್ಮೋನ್ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ನಿಮ್ಮ ಮಗಳನ್ನು ನೋಡದೆ ಚಿಕಿತ್ಸೆ ಹೇಳಲು ಆಗುವುದಿಲ್ಲ, ಆದರೆ ಈ ರಿಪೋರ್ಟ್ ಓದುವುದು ಹೇಗೆ ಅಂತ ಹೇಳಬಲ್ಲೆ. ಇಬ್ಬರು ಡಾಕ್ಟರೂ ಹೇಳಿದ್ದರಲ್ಲಿ ಅರ್ಧ ಅರ್ಧ ಸರಿ ಇದೆ.

ಆಂಟಿ-ಟಿಪಿಒ ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆ ಥೈರಾಯ್ಡ್ ಗ್ರಂಥಿಯನ್ನು ಗುರಿ ಮಾಡಿಕೊಂಡಿದೆ ಎಂಬುದರ ಗುರುತು. 1912ರಲ್ಲಿ ಜಪಾನಿನ ಹಕರು ಹಶಿಮೊಟೊ ವಿವರಿಸಿದ ಕಾಯಿಲೆಯ ಜಾತಿ ಇದು. ಇದು ಕುಟುಂಬದಲ್ಲಿ ಹರಿದು ಬರುತ್ತದೆ, ಹೆಣ್ಣುಮಕ್ಕಳಲ್ಲಿ ಜಾಸ್ತಿ. ಪ್ಯಾನ್ಸ್ ಮಕ್ಕಳ ಮನೆತನದಲ್ಲಿ, ಅದರಲ್ಲೂ ತಾಯಂದಿರಲ್ಲಿ, ಆಟೋಇಮ್ಯೂನ್ ಕಾಯಿಲೆಗಳು ಹೆಚ್ಚಾಗಿ ಕಾಣುತ್ತವೆ. ಸಂಬಂಧ ಇರುವುದು ಇಲ್ಲಿ, ಬೇರಿನಲ್ಲಿ. ಸ್ವಂತ ದೇಹದ ಮೇಲೇ ತಿರುಗಿ ಬೀಳುವ ಗುಣ ಒಂದು ಕಡೆ ಮೆದುಳಿನ ಬೇಸಲ್ ಗ್ಯಾಂಗ್ಲಿಯಾ ಭಾಗವನ್ನು, ಇನ್ನೊಂದು ಕಡೆ ಥೈರಾಯ್ಡನ್ನು ಮುಟ್ಟಿರಬಹುದು. ಹಾಗಂತ ಒಂದು ಇನ್ನೊಂದನ್ನು ಹುಟ್ಟಿಸಿತು ಎಂದು ಅರ್ಥ ಅಲ್ಲ.

ಆಂಟಿಬಾಡಿ ಎಷ್ಟು ಜಾಸ್ತಿ ಎಂಬುದರ ಮೇಲೆ ಮಾತ್ರೆ ನಿರ್ಧಾರ ಆಗುವುದಿಲ್ಲ. ಏನೂ ತೊಂದರೆ ಇಲ್ಲದೆ ಚೆನ್ನಾಗಿರುವ ಎಷ್ಟೋ ಜನರ ರಕ್ತದಲ್ಲೂ ಇದು ಇರುತ್ತದೆ. ನೋಡಬೇಕಾದದ್ದು ಟಿಎಸ್‌ಎಚ್ ಮತ್ತು ಫ್ರೀ ಟಿ4. ಟಿಎಸ್‌ಎಚ್ 5ರಿಂದ 10ರ ಒಳಗೆ, ಫ್ರೀ ಟಿ4 ನಾರ್ಮಲ್ ಇದ್ದರೆ ಅದಕ್ಕೆ ಸಬ್‌ಕ್ಲಿನಿಕಲ್ ಹೈಪೋಥೈರಾಯ್ಡ್ (ಥೈರಾಯ್ಡ್ ಕೊರತೆಯ ಸಣ್ಣ ರೂಪ) ಎನ್ನುತ್ತೇವೆ. ಮಕ್ಕಳಲ್ಲಿ ಇದು ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ. ಆಂಟಿಬಾಡಿ ಇರುವ ಮಕ್ಕಳಲ್ಲಿ ಏರುವ ಸಾಧ್ಯತೆ ಜಾಸ್ತಿ, ಹಾಗಾಗಿ ಕಣ್ಣಿಟ್ಟಿರಬೇಕು. ಸಾಮಾನ್ಯವಾಗಿ ಟಿಎಸ್‌ಎಚ್ 10 ದಾಟಿದರೆ, ಅಥವಾ ಟಿ4 ಇಳಿದರೆ, ಅಥವಾ ಬೆಳವಣಿಗೆ ಕುಂಟಿದರೆ, ಗ್ರಂಥಿ ಊದಿದ್ದರೆ ಚಿಕಿತ್ಸೆ ಯೋಚಿಸುತ್ತೇವೆ. ಇನ್ನೊಂದು ವಿಷಯ, ಮಕ್ಕಳ ನಾರ್ಮಲ್ ಮಿತಿ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ರಿಪೋರ್ಟ್ ಪಕ್ಕದಲ್ಲಿ ದೊಡ್ಡವರ ಮಿತಿ ಪ್ರಿಂಟ್ ಆಗಿದ್ದರೆ ಅದನ್ನೇ ನಂಬಿ ಕೂರಬೇಡಿ.

ಆ ಕಡಿಮೆ ಟಿ3 ಬಗ್ಗೆ. ಊಟ ಅರ್ಧಕ್ಕೆ ಇಳಿದಿದೆ ಎಂದಿರಿ. ಊಟ ಕಡಿಮೆ ಆದಾಗ ದೇಹ ಟಿ4 ಅನ್ನು ಟಿ3 ಆಗಿ ಬದಲಿಸುವುದನ್ನು ತಾನೇ ತಗ್ಗಿಸುತ್ತದೆ, ಶಕ್ತಿ ಉಳಿಸಿಕೊಳ್ಳಲು. ಬೇರೆ ಜೋರಾದ ಕಾಯಿಲೆ ಬಂದಾಗಲೂ ಹೀಗೇ. ಅದಕ್ಕೆ ಟಿ3 ಮಾತ್ರೆ ಮದ್ದಲ್ಲ, ಊಟವೇ ಮದ್ದು. ಅವಳ ತೂಕ, ನಾಡಿಬಡಿತ, ಬಿಪಿ ನೋಡಿಸುವುದು ಈಗ ಟಿಎಸ್‌ಎಚ್‌ಗಿಂತ ತುರ್ತಿನ ಕೆಲಸ. ನಾನು ಅಲ್ಲಿದ್ದಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ.

ಹಶಿಮೊಟೊ ಎನ್ಸೆಫಲೋಪತಿ ಬಗ್ಗೆ ಹೆದರಿದ್ದೀರಿ. 1966ರಲ್ಲಿ ಮೊದಲು ವರದಿಯಾದ, ಅಪರೂಪದ ಸ್ಥಿತಿ ಅದು. ಫಿಟ್ಸ್, ಗೊಂದಲ, ಅರೆಪ್ರಜ್ಞೆ, ಮೈ ಝಲ್ಲನೆ ಎಗರುವುದು, ಇಲ್ಲದ್ದು ಕಾಣಿಸುವುದು, ಪಾರ್ಶ್ವವಾಯು ತರಹದ ಲಕ್ಷಣ, ಇಂಥವು ಇರುತ್ತವೆ. 2016ರಲ್ಲಿ ಆಟೋಇಮ್ಯೂನ್ ಎನ್ಸೆಫಲೈಟಿಸ್‌ಗೆ (ರೋಗನಿರೋಧಕ ವ್ಯವಸ್ಥೆಯಿಂದ ಬರುವ ಮೆದುಳಿನ ಉರಿಯೂತ) ತಜ್ಞರು ಮಾಡಿದ ಮಾನದಂಡದ ಪ್ರಕಾರ ಬೇರೆ ಕಾರಣಗಳನ್ನೆಲ್ಲ ತಳ್ಳಿಹಾಕಿದ ಮೇಲಷ್ಟೇ ಆ ಹೆಸರು ಕೊಡಬೇಕು. ಟಿಪಿಒ ಆಂಟಿಬಾಡಿಯೇ ಮೆದುಳನ್ನು ಕೆಡಿಸುತ್ತದೆ ಎಂಬುದು ಸಾಬೀತಾಗಿಲ್ಲ. ಆದರೆ ಮಗಳಿಗೆ ಫಿಟ್ಸ್ ಬಂದರೆ, ಮಾತು ತೊದಲಿದರೆ ಅಥವಾ ನಿಂತುಹೋದರೆ, ನಿಮ್ಮನ್ನು ಗುರುತಿಸದಿದ್ದರೆ, ಮುಖ-ಬಾಯಿ ತಾನಾಗಿ ಆಡತೊಡಗಿದರೆ ಒಂದು ದಿನವೂ ಕಾಯಬೇಡಿ. ಅಂಥದ್ದೇ ಒಂದು ಬಗೆಯಾದ ಎನ್‌ಎಂಡಿಎ ಎನ್ಸೆಫಲೈಟಿಸ್ ಮುಂತಾದವನ್ನು ನ್ಯೂರಾಲಜಿಯವರು ಇಇಜಿ, ಎಂಆರ್‌ಐ, ಬೆನ್ನುಹುರಿ ನೀರಿನ ಪರೀಕ್ಷೆ ಮಾಡಿ ನೋಡಬೇಕಾಗುತ್ತದೆ.

ಮುಂಗಾರುಮೋಡ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎತ್ತರದ ಲೆಕ್ಕ ನೋಡಿದೆ, ಗೆರೆ ಸರಿಯಾಗಿಯೇ ಇದೆ. ತೂಕ ಮಾತ್ರ ಇಳಿದಿದೆ, ನಾಳೆಯೇ ತೋರಿಸುತ್ತೇವೆ. ಫಿಟ್ಸ್, ಗೊಂದಲ ಏನೂ ಇಲ್ಲ.

ಇನ್ನೊಂದು ವಿಷಯ ಹೇಳುವುದು ಬಿಟ್ಟುಹೋಗಿತ್ತು. ಕೂದಲು ಉದುರುತ್ತಿದೆ ಎಂದು ಬಯೋಟಿನ್ ಇರುವ ವಿಟಮಿನ್ ಕೊಡುತ್ತಿದ್ದೇವೆ. ಮುಂದೆ ಸ್ಟೀರಾಯ್ಡ್ ಅಥವಾ ಐವಿಐಜಿ ಕೊಡುವ ಮಾತೂ ನಡೆದಿದೆ. ಥೈರಾಯ್ಡ್ ಪರೀಕ್ಷೆ ಮತ್ತೆ ಮಾಡಿಸುವುದಾದರೆ ಇದೆಲ್ಲ ಆದ ಮೇಲೆ ಮಾಡಿಸಿದರೆ ಸಾಕಾ?

ತಿಳಿನೀರು

ಸಾಕಾಗುವುದಿಲ್ಲ! ಮೊದಲೇ ಮಾಡಿಸಿ. ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವನು, ಈ ಗೊಂದಲ ದಿನಾ ನೋಡುತ್ತೇನೆ.

ಐವಿಐಜಿ ಅಂದರೆ ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಆಂಟಿಬಾಡಿ. ಅದರಲ್ಲಿ ಯಾರದೋ ಟಿಪಿಒ ಆಂಟಿಬಾಡಿಯೂ ಇರಬಹುದು. ಕೊಟ್ಟ ಮೇಲೆ ಪರೀಕ್ಷೆ ಮಾಡಿದರೆ ಮಗುವಿನದ್ದು ಯಾವುದು, ದಾನಿಯದ್ದು ಯಾವುದು ಹೇಳಲು ಬರುವುದಿಲ್ಲ. ಐಜಿಜಿ (ಐವಿಐಜಿಯಲ್ಲಿರುವ ಆಂಟಿಬಾಡಿ) ಅರ್ಧ ಆಗಲು ಸುಮಾರು ಮೂರು ವಾರ ಬೇಕು, ಪೂರ್ತಿ ಹೋಗಲು ತಿಂಗಳುಗಳೇ. ಬೇರೆ ಆಂಟಿಬಾಡಿ ಪರೀಕ್ಷೆಗಳಿಗೂ ಇದೇ ಮಾತು, ಹಾಗಾಗಿ ನ್ಯೂರಾಲಜಿಯವರು ಕೇಳಿದ ರಕ್ತವನ್ನೂ ಮೊದಲೇ ತೆಗೆದಿಡಲಿ.

ಸ್ಟೀರಾಯ್ಡ್ ಜೋರು ಡೋಸ್‌ನಲ್ಲಿ ಟಿಎಸ್‌ಎಚ್ ಅನ್ನು ಒತ್ತಿ ಹಿಡಿಯುತ್ತದೆ, ಟಿ3 ಅನ್ನೂ ಇಳಿಸುತ್ತದೆ. ಆಗ 6.8 ಇದ್ದದ್ದು ನಾರ್ಮಲ್ ಕಂಡು "ವಾಸಿ ಆಯಿತು" ಅನ್ನಿಸಬಹುದು.

ಬಯೋಟಿನ್ ಇನ್ನೂ ಮೋಸ. ಬಹಳಷ್ಟು ಯಂತ್ರಗಳಲ್ಲಿ ಪರೀಕ್ಷೆ ನಡೆಯುವುದೇ ಬಯೋಟಿನ್ ಅಂಟಿನ ಮೇಲೆ. ರಕ್ತದಲ್ಲಿ ಜಾಸ್ತಿ ಬಯೋಟಿನ್ ಇದ್ದರೆ ಟಿಎಸ್‌ಎಚ್ ನಿಜಕ್ಕಿಂತ ಕಡಿಮೆ, ಟಿ4 ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ, ಆಂಟಿಬಾಡಿ ಕೂಡ ಸುಳ್ಳೇ ಜಾಸ್ತಿ ಬರಬಹುದು. ಅಂದರೆ ಅವಳ ನಿಜವಾದ ಟಿಎಸ್‌ಎಚ್ ಇನ್ನೂ ಮೇಲಿರಬಹುದು. ಡಾಕ್ಟರನ್ನು ಕೇಳಿ ಕಡಿಮೆ ಎಂದರೆ ಎರಡು ದಿನ ನಿಲ್ಲಿಸಿ, ಡೋಸ್ ದೊಡ್ಡದಿದ್ದರೆ ಇನ್ನೂ ಜಾಸ್ತಿ ದಿನ, ಆಮೇಲೆ ರಕ್ತ ಕೊಡಿ. ಅದೇ ಲ್ಯಾಬ್, ಹೆಚ್ಚುಕಡಿಮೆ ಅದೇ ಹೊತ್ತು. ಟಿಎಸ್‌ಎಚ್ ರಾತ್ರಿ ಮತ್ತು ಬೆಳಗಿನ ಜಾವ ಏರಿ ಮಧ್ಯಾಹ್ನ ಇಳಿಯುತ್ತದೆ.

ಅವಳು ಬೇರೆ ಏನೇನು ಔಷಧಿ ತೆಗೆದುಕೊಳ್ಳುತ್ತಾಳೆ ಎಂಬುದನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮನಸ್ಸಿನ ಕಾಯಿಲೆ, ಫಿಟ್ಸ್‌ಗೆ ಕೊಡುವ ಔಷಧಿಗಳಲ್ಲಿ ಲಿಥಿಯಂ ಥೈರಾಯ್ಡನ್ನು ನಿಜವಾಗಿಯೇ ಕುಗ್ಗಿಸುತ್ತದೆ. ವಾಲ್ಪ್ರೋಯೇಟ್‌ನಿಂದ ಟಿಎಸ್‌ಎಚ್ ಏರಬಹುದು, ಕಾರ್ಬಮಜೆಪಿನ್ ಮತ್ತು ಕ್ವೆಟಿಯಾಪಿನ್‌ನಿಂದ ಟಿ4 ಇಳಿಯಬಹುದು. ಅವನ್ನು ನೀವಾಗಿಯೇ ನಿಲ್ಲಿಸಬೇಡಿ ಮತ್ತೆ.

ಹಸಿರುಬಾಗಿಲು

ಇಲ್ಲಿ ಎಲ್ಲರೂ ಥೈರಾಯ್ಡ್ ಕಡಿಮೆ ಆಗುವ ಬಗ್ಗೆ ಬರೆದಿದ್ದೀರಿ. ಜಾಸ್ತಿ ಆಗುವುದನ್ನೂ ಮರೆಯಬೇಡಿ, ಅದು ಪ್ಯಾನ್ಸ್ ಫ್ಲೇರ್ ತರಹವೇ ಕಾಣುತ್ತದೆ. ನಮ್ಮ ತಂಗಿಯ ಮಗಳಿಗೆ ಗ್ರೇವ್ಸ್ (ಥೈರಾಯ್ಡ್ ಜಾಸ್ತಿ ಮಾಡುವ ಆಟೋಇಮ್ಯೂನ್ ಕಾಯಿಲೆ) ಇತ್ತು. ಸಿಟ್ಟು, ಅಳು, ನಿದ್ದೆ ಇಲ್ಲ, ಕೈ ನಡುಕದಿಂದ ಅಕ್ಷರ ಕೆಟ್ಟದ್ದು, ಪಾಠದಲ್ಲಿ ಮನಸ್ಸು ನಿಲ್ಲದ್ದು, ಎಲ್ಲವನ್ನೂ ನಡವಳಿಕೆಯ ಸಮಸ್ಯೆ ಎಂದುಕೊಂಡು ಎಷ್ಟೋ ಕಾಲ ಹೋಯಿತು. ಹೊಟ್ಟೆ ತುಂಬ ತಿಂದರೂ ತೂಕ ಇಳಿಯುತ್ತಿತ್ತು, ಸುಮ್ಮನೆ ಮಲಗಿದ್ದಾಗಲೂ ನಾಡಿ ಓಡುತ್ತಿತ್ತು. ಆ ಎರಡೇ ಅವಳನ್ನು ಸರಿಯಾದ ಡಾಕ್ಟರ ಹತ್ತಿರ ತಲುಪಿಸಿದ್ದು. ಹಶಿಮೊಟೊದಲ್ಲೂ ಶುರುವಿನಲ್ಲಿ ಗ್ರಂಥಿ ಒಡೆದು ಹಾರ್ಮೋನ್ ಸೋರಿ ಸ್ವಲ್ಪ ಕಾಲ ಜಾಸ್ತಿ ಆಗುವುದುಂಟಂತೆ.

ಮುಂದೆ ನಿಮಗೆ ಥೈರಾಕ್ಸಿನ್ (ಟಿ4) ಮಾತ್ರೆ ಬರೆದುಕೊಟ್ಟರೆ ಇನ್ನೊಂದು ಕಷ್ಟ ಇದೆ. ಊಟದಲ್ಲೇ ವಿಷ ಕಾಣುವ ಮಗು ಮಾತ್ರೆಯನ್ನು ಒಪ್ಪುವುದು ಹೇಗೆ, ಅಲ್ವಾ? ಪುಡಿ ಮಾಡಿ ಒಂದೆರಡು ಚಮಚ ನೀರಿನಲ್ಲಿ ಕಲಸಿ ತಕ್ಷಣ ಕೊಡಬಹುದು. ಆದರೆ ಗೊತ್ತಾಗದಂತೆ ಊಟದಲ್ಲಿ ಸೇರಿಸಬೇಡಿ, ದಯವಿಟ್ಟು. ಒಮ್ಮೆ ಗೊತ್ತಾದರೆ ಆ ಭಯಕ್ಕೆ ನೀವೇ ಸಾಕ್ಷಿ ಕೊಟ್ಟ ಹಾಗೆ ಆಗುತ್ತದೆ, ಆಮೇಲೆ ನಿಮ್ಮ ಕೈಯಿಂದ ಏನೂ ತಿನ್ನುವುದಿಲ್ಲ. ಥೆರಪಿಸ್ಟ್ ಜೊತೆ ಕೂತು, ಅವಳಿಗೇ ತೋರಿಸಿ, ಅವಳ ಕೈಯಲ್ಲೇ ಕಲಸಿಸಿ.

ಬಿಳಿಕೋಟು

ಹಸಿರುಬಾಗಿಲು ಅವರ ಮಾತು ನೂರಕ್ಕೆ ನೂರು ಸರಿ. ಮಾತ್ರೆ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ, ಸೋಯಾ ಜೊತೆ ಬೇಡ. ಟಿ4 ಅರ್ಧ ಆಗಲು ಸುಮಾರು ಒಂದು ವಾರ ಬೇಕು, ಹಾಗಾಗಿ ಒಂದು ದಿನ ಮಗು ಉಗುಳಿದರೆ ಯುದ್ಧ ಮಾಡಬೇಡಿ. ಡೋಸ್ ಬದಲಾದರೆ ಆರರಿಂದ ಎಂಟು ವಾರಕ್ಕೆ ರಕ್ತ ನೋಡುತ್ತೇವೆ. ಡೋಸ್ ಜಾಸ್ತಿ ಆದರೆ ಕಿರಿಕಿರಿ, ನಿದ್ದೆಗೆಡುವುದು, ಆತಂಕ ಬರುತ್ತದೆ. ಮನೆಯವರು ಅದನ್ನು ಫ್ಲೇರ್ ಎಂದುಕೊಳ್ಳುತ್ತಾರೆ. ಡೋಸ್ ಬದಲಾದ ತಾರೀಖು, ಸೋಂಕಿನ ತಾರೀಖು, ಫ್ಲೇರ್ ತಾರೀಖು ಒಂದೇ ಹಾಳೆಯಲ್ಲಿ ಬರೆದಿಟ್ಟರೆ ನಮಗೆ ಎಷ್ಟು ಸಹಾಯ ಆಗುತ್ತದೆ ಗೊತ್ತಾ! ಥೈರಾಯ್ಡ್‌ಗೆ ಒಳ್ಳೆಯದು ಎಂದು ಕಡಲಪಾಚಿಯ ಅಯೋಡಿನ್ ಪುಡಿಗಳನ್ನು ಕೊಡಬೇಡಿ. ಈ ಕಾಯಿಲೆಯಲ್ಲಿ ಅತಿ ಅಯೋಡಿನ್ ಕೆಡುಕು ಮಾಡುತ್ತದೆ.

ಮುಂಗಾರುಮೋಡ

ಡಾಕ್ಟರ ಹತ್ತಿರ ಮಾತಾಡಿದೆ. ಬಯೋಟಿನ್ ನಿಲ್ಲಿಸಿದ್ದೇವೆ, ಮುಂದಿನ ವಾರ ಐವಿಐಜಿಗೆ ಮೊದಲೇ ರಕ್ತ ತೆಗೆಯುತ್ತಾರೆ. ನಾಡಿ, ಬಿಪಿ ಪರವಾಗಿಲ್ಲ, ಊಟಕ್ಕೆ ಬೇರೆ ಪ್ಲಾನ್ ಮಾಡಿಕೊಟ್ಟಿದ್ದಾರೆ. ಮಾತ್ರೆ ಸದ್ಯಕ್ಕೆ ಬೇಡ ಎಂದರು. ಅದೇ ರಕ್ತದಲ್ಲಿ ಇನ್ನೇನಾದರೂ ನೋಡಿಸಬೇಕಾ?

ಬಿಳಿಕೋಟು

ಸೀಲಿಯಾಕ್ (ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವ ಆಟೋಇಮ್ಯೂನ್ ಕಾಯಿಲೆ) ಪರೀಕ್ಷೆ ಕೇಳಿ, ಟಿಟಿಜಿ-ಐಜಿಎ ಮತ್ತು ಒಟ್ಟು ಐಜಿಎ ಎರಡೂ. ಥೈರಾಯ್ಡ್ ಆಂಟಿಬಾಡಿ ಇರುವ ಮಕ್ಕಳಲ್ಲಿ ಅದು ಜಾಸ್ತಿ, ತೂಕ ಬೇರೆ ಇಳಿದಿದೆ. ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು, ರಿಪೋರ್ಟ್ ಬರುವವರೆಗೆ ಅದನ್ನು ಬಿಡಿಸಬೇಡಿ. ಜೊತೆಗೆ ಸಕ್ಕರೆ ಮಟ್ಟ, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ವಿಟಮಿನ್ ಡಿ ನೋಡಲಿ. ಕೂದಲು ಉದುರುವುದಕ್ಕೆ ಕಬ್ಬಿಣದ ಕೊರತೆಯೂ ಕಾರಣ ಇರಬಹುದು. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ, ನೋಡುತ್ತೇನೆ.