ಸಹಾಯ ಬೇಕು: ಜುಮ್ ಅನ್ನುವ ಹಲ್ಲಿಗೆ ವೈಟ್ನಿಂಗ್ ಪೇಸ್ಟ್ ಬಳಸಬಹುದಾ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಒಸಡು ಸರಿದು ಹಲ್ಲಿನ ಬೇರು ಕಾಣುತ್ತಿದೆ. ತಣ್ಣೀರು ತಾಗಿದರೆ ಸಾಕು, ಜುಮ್ ಅನ್ನುತ್ತದೆ. ಸೆನ್ಸಿಟಿವ್ ಪೇಸ್ಟ್ ಶುರು ಮಾಡಿದ ಮೇಲೆ ನೋವು ತಗ್ಗಿದೆ. ಆದರೆ ಹಲ್ಲಿಗೆ ಕಂದು ಛಾಯೆ ಬಂದಿದೆ. ನಗುವಾಗ ಕೈ ಅಡ್ಡ ಹಿಡಿಯುತ್ತಾರೆ, ನೋಡಿದರೆ ಸಂಕಟವಾಗುತ್ತದೆ.

ಟ್ಯೂಬಿನ ಮೇಲೆ ಸ್ಟ್ಯಾನಸ್ ಫ್ಲೋರೈಡ್ ಅಂತ ಇದೆ. ಅದರಲ್ಲಿರುವ ತವರದಿಂದ ಕೆಲವರ ಹಲ್ಲಿನ ಮೇಲ್ಮೈಗೆ ಕಲೆ ಕೂರುತ್ತದೆ. ಡೆಂಟಿಸ್ಟ್ ಹತ್ತಿರ ಕ್ಲೀನಿಂಗ್ ಮಾಡಿಸಿದರೆ ಹೋಗುತ್ತದೆ, ಅದನ್ನು ಮಾಡಿಸುತ್ತೇವೆ. ನನ್ನ ಗೊಂದಲ ಆಮೇಲಿನದು.

ವೈಟ್ನಿಂಗ್ ಪೇಸ್ಟ್‌ಗಳಲ್ಲಿ ಹೆಚ್ಚಿನವು ಸಿಲಿಕಾದಂಥ ಪುಡಿಯಿಂದ ಕಲೆ ಉಜ್ಜಿ ತೆಗೆಯುತ್ತವೆ. ಹಲ್ಲಿನ ಒಳಬಣ್ಣ ಬದಲಾಗುವುದಿಲ್ಲ. ಬೇರಿನ ಮೇಲೆ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ ಇಲ್ಲ, ಅಲ್ವಾ? ಅಲ್ಲಿ ಜಾಸ್ತಿ ಉಜ್ಜಿದರೆ ಸವೆತ, ಮತ್ತೆ ಜುಮ್ಮು. ಬ್ಲೂ ಕೋವರಿನ್ ಇರುವ ಪೇಸ್ಟ್ ನೀಲಿ ಛಾಯೆಯ ತೆಳು ಪದರ ಕೂರಿಸಿ ಹಳದಿಯನ್ನು ಮರೆಮಾಡುತ್ತದೆ, ಆದರೆ ಅದು ತಾತ್ಕಾಲಿಕ.

ಸ್ಟ್ಯಾನಸ್ ಬಿಟ್ಟು ಪೊಟ್ಯಾಸಿಯಂ ನೈಟ್ರೇಟ್ ಇರುವ ಸೆನ್ಸಿಟಿವ್ ಪೇಸ್ಟಿಗೆ ಬದಲಾದವರು ಇದ್ದೀರಾ? ಕಲೆ ಮತ್ತೆ ಬಂತಾ? ಅದು ಕೆಲಸ ಮಾಡಲು ಕೆಲವು ವಾರ ಬೇಕಂತೆ, ಆ ನಡುವೆ ನೋವು ಹೇಗೆ ತಡೆದುಕೊಂಡಿರಿ? ಡೆಂಟಿಸ್ಟ್‌ಗಳು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ಕಡಿಮೆ ಉಜ್ಜುವ, ಅಂದರೆ ಆರ್‌ಡಿಎ (ಪೇಸ್ಟ್ ಹಲ್ಲನ್ನು ಎಷ್ಟು ಸವೆಸುತ್ತದೆ ಅನ್ನುವ ಅಳತೆ) ಕಡಿಮೆ ಇರುವ ವೈಟ್ನಿಂಗ್ ಪೇಸ್ಟ್ ಅಮ್ಮನಿಗೆ ಸರಿಹೋಗುತ್ತದಾ, ಅಥವಾ ಆ ಯೋಚನೆಯನ್ನೇ ಬಿಡಬೇಕಾ?