40 ವ್ಯಾಟ್ ಲೇಸರ್: ಲೆನ್ಸ್, ಕನ್ನಡಿ ಯಾವುದರಲ್ಲಿ ಒರೆಸ್ತೀರಿ? ಅನುಭವ ಇರೋರು ಹೇಳಿ

ತುಮಕೂರು ಗಿಫ್ಟ್ಸ್
ನಮಸ್ಕಾರ. ನಂದು 40 ವ್ಯಾಟ್ ಸಿಒ2 ಲೇಸರ್ ಕಟಿಂಗ್ ಮಷಿನ್, ಬೆಡ್ 300 × 200 ಎಂಎಂ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. 3 ಎಂಎಂ ಎಂಡಿಎಫ್ (ಮರದ ನಾರು ಅಂಟು ಹಾಕಿ ಒತ್ತಿದ ಹಲಗೆ) ಮೊದಲು ಲೇಸರ್ ಒಂದೇ ಸಲ ಓಡಿದ್ರೆ, ಅಂದ್ರೆ ಒಂದೇ ಪಾಸ್‌ಗೆ ಕಟ್ ಆಗ್ತಿತ್ತು. ಈಗ ಮೂರು ಪಾಸ್ ಕೊಟ್ರೂ ಹಿಂದುಗಡೆ ಸಿಪ್ಪೆ ಬಿಡಲ್ಲ. ಲೆನ್ಸ್ ನಡುವೆ ಕಾಫಿ ಕಲೆ ಥರ ಒಂದು ಚುಕ್ಕೆ ಇದೆ. ಹದಿನೈದು ದಿನದಲ್ಲಿ ಮದುವೆ ಆರ್ಡರು, ತಾಂಬೂಲದ ಚೀಲಕ್ಕೆ ಕಟ್ಟೋ ಹೆಸರಿನ ಬಿಲ್ಲೆ 400. ಒರೆಸಿದ್ರೆ ಸಾಕಾ, ಲೆನ್ಸ್ ಬದಲಾಯಿಸಬೇಕಾ? ಎಷ್ಟು ದಿನಕ್ಕೊಮ್ಮೆ ಒರೆಸ್ತೀರಿ?

ಮೈಸೂರು ನಾಮಫಲಕ
ಮೂರು ಲೆನ್ಸ್ ಕಳ್ಕೊಂಡವನು ನಾನು, ಹೇಳ್ತೀನಿ ಕೇಳಿ.

ಮೊದಲನೇದು ನಮ್ಮ ತಂದೆಯ ಕೈಯಲ್ಲಿ. ಅವರು ಗಡಿಯಾರ ರಿಪೇರಿ ಮಾಡಿ ನಮ್ಮನ್ನ ಸಾಕಿದೋರು. ನಾನು ಊಟಕ್ಕೆ ಹೋಗಿದ್ದಾಗ ಲೆನ್ಸ್ ಮಸುಕಾಗಿದೆ ಅಂತ ಬಿಚ್ಚಿ, ಬಾಯಿಂದ 'ಹಾ' ಅಂತ ಉಸಿರು ಬಿಟ್ಟು, ಪಂಚೆ ಸೆರಗಲ್ಲಿ ಕನ್ನಡಕ ಒರೆಸೋ ಹಾಗೆ ಗರಗರ ತಿರುಗಿಸಿ ಒರೆಸಿದ್ದಾರೆ. ಕೈಗೆ ತಗೊಂಡು ಬೆಳಕಿಗೆ ಓರೆ ಹಿಡಿದ್ರೆ ಹಳದಿ ಗಾಜಿನ ಮೇಲೆ ಗ್ರಾಮಫೋನ್ ಪ್ಲೇಟಿನ ಗೆರೆ. 12 ಎಂಎಂ ಲೆನ್ಸು, 2,350 ರೂಪಾಯಿ. ಅವರಿಗೆ ಏನಂತ ಬೈಯೋದು.

ಎರಡನೇದು ನನ್ನದೇ ತಪ್ಪು. ಲಾಕ್‌ಡೌನ್‌ನಲ್ಲಿ ತಂದ ಸ್ಯಾನಿಟೈಸರ್ ಐದು ಲೀಟರ್ ಉಳಿದಿತ್ತು. ಆಲ್ಕೋಹಾಲ್ ತಾನೇ ಅಂತ ಅದರಲ್ಲೇ ಒರೆಸ್ದೆ. ಅದರಲ್ಲಿ ಗ್ಲಿಸರಿನ್ ಇರುತ್ತೆ ಅನ್ನೋದು ಆಮೇಲೆ ಹೊಳೀತು. ಒಣಗಿದ ಮೇಲೂ ಜಿಡ್ಡು ಪೊರೆ ಹಾಗೇ ನಿಂತಿತ್ತು, ಬೀಮ್ ಬಿದ್ದು ಸುಟ್ಟು ಲೆನ್ಸ್ ಕಾದು ನಾಲ್ಕನೇ ಬೋರ್ಡಿಗೆ 'ಟಕ್' ಅಂತು. ಎರಡು ಹೋಳು. ಚೂರನ್ನ ಅಪ್ಪ ಬರಿಗೈಯಲ್ಲಿ ಗುಡಿಸೋಕೆ ಬಂದ್ರು, ಅವತ್ತು ಮಾತ್ರ ಕಿರುಚಿದ್ದೇ. ಅದು ಬರೀ ಗಾಜಲ್ಲ, ಝಿಂಕ್ ಸೆಲೆನೈಡ್, ಪುಡಿ ವಿಷ. ಗ್ಲೌಸ್ ಹಾಕಿ ಒದ್ದೆ ಟಿಶ್ಯೂನಲ್ಲಿ ಒತ್ತಿ ತೆಗೆದು ಕವರಿಗೆ ಹಾಕಿ ಗಂಟು ಕಟ್ಟಬೇಕು. 2,600, ಕೊರಿಯರ್ 180 ಬೇರೆ.

ಈಗ 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್, ಲೆನ್ಸ್ ಟಿಶ್ಯೂ, ಇಷ್ಟೇ. ಮೊದಲು ಬ್ಲೋವರ್‌ನಲ್ಲಿ ಧೂಳು ಹಾರಿಸಿ, ಟಿಶ್ಯೂ ಹಾಸಿ ಒಂದು ಹನಿ ಬಿಟ್ಟು, ಅದರ ಭಾರಕ್ಕೇ ಜಾರೋ ಹಾಗೆ ಒಂದೇ ದಿಕ್ಕಿಗೆ ಎಳೀರಿ. ಬೆರಳು ತಾಕಬಾರದು. ಎಂಡಿಎಫ್ ದಿನ ಸಂಜೆ ತಪ್ಪದೆ ಮಾಡ್ತೀನಿ.

ಹುಬ್ಬಳ್ಳಿ ಕಟಿಂಗ್
ದಿನಾ ಒರಸೋದರಿಂದನ ಹಾಳಾಗ್ತಾವ್ರಿ ಲೆನ್ಸು. ನಾ ಹದಿನೈದು ದಿನಕ್ಕೊಮ್ಮೆ, ಅದೂ ಅಸಿಟೋನ್‌ದಾಗ. ಎಂಡಿಎಫ್ ಹೊಗಿಯೊಳಗ ಇರೋದು ಅಂಟು, ಬೆಂದು ಕೂತ್ರ ನಿಮ್ಮ ಐಸೋಪ್ರೊಪೈಲ್ ಅದರ ಮ್ಯಾಲೆ ನೀರು ಹಾಕಿದಂಗ.

ನಾ ಕಳಕೊಂಡಿದ್ದು ಬೀಮ್ ತಿರುಗಿಸಿ ಲೆನ್ಸಿಗೆ ಬಿಡೋ ಕನ್ನಡಿ. ಬಂಗಾರದ ಲೇಪದ್ದು, ಮೂರಕ್ಕ 2,700 ಕೊಟ್ಟಿದ್ದೆ. ಕೆಲಸದ ಹುಡುಗ ಭಾಳ ಶಿಸ್ತಿನಂವ, ದೇವರ ಸಾಮಾನು ತಿಕ್ಕಿದಂಗ ವಿಭೂತಿ ಹಚ್ಚಿ ತಿಕ್ಯಾನ! ಫಳಫಳ ಹೊಳೀತಿತ್ತು, ಬಂಗಾರ ಮಾತ್ರ ಅರಬ್ಯಾಗ ಬಂದಿತ್ತು. ಅವತ್ತ ಮಾಲಿಬ್ಡಿನಂ ಹಾಕಿಸಿದೆ. ಅದಕ್ಕ ಲೇಪನ ಇಲ್ಲ, ಗಟ್ಟಿ ಲೋಹ. ಪ್ರತಿಫಲನ ಚೂರು ಕಡಿಮಿ, ಇರಲಿ ಬಿಡ್ರಿ. ತಿಕ್ಕಿದ್ರೂ ಬಾಳಿಕಿ ಬರ್ತೈತಿ.

ಮೈಸೂರು ನಾಮಫಲಕ
ಹದಿನೈದು ದಿನ ಮಸಿ ಬೇಯಿಸಿ ಆಮೇಲೆ ಅಸಿಟೋನ್ ಬೇಕು ಅಂದ್ರೆ ಬೇಕೇ ಬೇಕು ಸ್ವಾಮಿ. ಬೇಯೋಕೆ ಮುಂಚೆ ಒರೆಸಿ ಅಂತಿರೋದು ನಾನು. ಅಸಿಟೋನ್ ಒಂದು ಹನಿ ಮುಚ್ಚಳದ ಅಕ್ರಿಲಿಕ್ ಕಿಟಕಿ ಮೇಲೆ ಬೀಳಲಿ, ಬಿರುಕು ಬಿಟ್ಟ ಕೆರೆ ನೆಲ ಆಗುತ್ತೆ.

ಹುಬ್ಬಳ್ಳಿ ಕಟಿಂಗ್
ಕಿಟಕಿ ಮ್ಯಾಲೆ ಯಾರು ಸುರೀತಾರ್ರಿ. ಮೂರು ಲೆನ್ಸ್ ಅಂದ್ರಿ, ಲೆಕ್ಕ ಎರಡs ಕೊಟ್ರಿ. ಮೂರನೇದು ಎಲ್ಲಿ?

ಚನ್ನಪಟ್ಟಣ ಅರಗು
ನಿಮ್ಮಿಬ್ಬರದೂ ಎಂಡಿಎಫ್ ಜಗಳ. ನಾವು ಆಲೆ ಮರದ ಕೀಚೈನಿಗೆ ಹೆಸರು ಕೊರೆಯೋರು, ಮೇಲೆ ಲೇತಿನಲ್ಲಿ ಹಚ್ಚಿದ ಅರಗು. ಆ ಹೊಗೆ ಲೆನ್ಸ್ ಮೇಲೆ ಕೂತ್ರೆ ಜೇನು ಸವರಿದ ಹಾಗೆ, ಧೂಳೆಲ್ಲ ಅಂಟ್ಕೊಳ್ಳುತ್ತೆ. ನಾನೂ ಅಸಿಟೋನ್ ನಂಬಿ ವಾರಗಟ್ಟಲೆ ಒದ್ದಾಡಿದೆ. ಕಡೆಗೆ ಬುದ್ಧಿ ಬಂತು: ಪಾಲಿಶ್ ಮಾಡೋರು ಅರಗನ್ನ ಕರಗಿಸೋದೇ ಸ್ಪಿರಿಟ್‌ನಲ್ಲಿ, ಅಂದ್ರೆ ಆಲ್ಕೋಹಾಲ್‌ನಲ್ಲಿ! ಐಸೋಪ್ರೊಪೈಲ್‌ನಲ್ಲಿ ಎರಡೇ ಸಲ ಎಳೆದಿದ್ದು, ಸ್ವಚ್ಛ. ಏನು ಕೊರೀತೀರೋ ಅದರ ಮೇಲೆ ಹೋಗುತ್ತೆ ಇದು, ಊರಿಗೆಲ್ಲ ಒಂದೇ ಔಷಧಿ ಇಲ್ಲ.

ಎಷ್ಟು ದಿನಕ್ಕೊಮ್ಮೆ ಅಂತೀರಾ, ನಮ್ಮದು 150 ಕೀಚೈನಿಗೆ ಒಂದು ಸಲ.

ಬೆಂಗಳೂರು ಡಯೋಡ್
ಇಷ್ಟೆಲ್ಲ ಯಾಕೆ ಪರದಾಟ? ನಂದು 10 ವ್ಯಾಟ್ ಡಯೋಡ್ ಲೇಸರ್. ಕನ್ನಡಿ ಇಲ್ಲ, ತಂಪು ಮಾಡೋ ನೀರಿಲ್ಲ, ಬೀಮ್ ಹುಟ್ಟಿಸೋ ಗಾಜಿನ ಟ್ಯೂಬಿಲ್ಲ. ಕೆಳಗೊಂದು ರಕ್ಷಣೆ ಗಾಜು, ಹಾಳಾದ್ರೆ 250 ರೂಪಾಯಿ, ಎರಡು ಸ್ಕ್ರೂ.

ಹುಬ್ಬಳ್ಳಿ ಕಟಿಂಗ್
ಅದರಾಗ ಪಾರದರ್ಶಕ ಅಕ್ರಿಲಿಕ್ ಕತ್ತರಿಸಿ ತೋರಸ್ರಿ ನೋಡೂಣು.

ಬೆಂಗಳೂರು ಡಯೋಡ್
ಅದು ಆಗಲ್ಲ, ನೀಲಿ ಬೆಳಕು ಸೀದಾ ದಾಟಿ ಹೋಗುತ್ತೆ. ನನಗೆ ಅಕ್ರಿಲಿಕ್ ಆರ್ಡರೇ ಬರಲ್ಲ.

ಹುಬ್ಬಳ್ಳಿ ಕಟಿಂಗ್
ಹೆಂಗ ಬರ್ತಾವ?

ಮಂಗಳೂರು ಎನ್‌ಗ್ರೇವರ್
ಒರೆಸುವುದರಲ್ಲಿ ಎಂತ ಉಂಟು ಮಾರಾಯ್ರೆ, ನಮ್ಮಲ್ಲಿ ನೀರೇ ಶತ್ರು. ಮೇ ತಿಂಗಳಲ್ಲಿ ಟ್ಯೂಬ್ ಬಿಸಿಯಾಗ್ತದೆ ಅಂತ ನೀರಿನ ಟ್ಯಾಂಕಿಗೆ ಐಸ್ ಬಾಟಲಿ ಇಳಿಸಿದೆ. ಅರ್ಧ ಗಂಟೆಗೆ ಟ್ಯೂಬಿನ ಮೈಯೆಲ್ಲ ಬೆವರು, ಬೀಮ್ ಹೊರಡುವ ತುದಿಯಲ್ಲೂ ಹನಿ. ಗೊತ್ತಾಗದೆ ಕೆಲಸ ಮುಂದುವರಿಸಿದೆ. ಹೈ ವೋಲ್ಟೇಜ್ ತುದಿಯಲ್ಲಿ ಚಟಪಟ ಅಂತ ಕಿಡಿ, ಟ್ಯೂಬ್ ಹೋಯ್ತು. ಟ್ಯೂಬಿಗೆ 9,800, ತರಿಸಲಿಕ್ಕೆ 1,400, ದಾರಿಯಲ್ಲಿ ಒಡೆದು ಬಂದದ್ದಕ್ಕೆ ಇನ್ನೊಂದು ಸಲ ಪೂರ್ತಿ ದುಡ್ಡು. ಪ್ಯಾಕಿಂಗ್ ಸರಿ ಉಂಟು ಅಂತ ಮಾರಿದವರ ವಾದ. ಮಳೆಗಾಲದಲ್ಲಿ ಏರ್ ಅಸಿಸ್ಟ್ ಕಂಪ್ರೆಸರ್ (ಕೊರೆಯುವ ಜಾಗಕ್ಕೆ ಗಾಳಿ ಊದುವುದು) ಕೂಡ ಲೆನ್ಸಿಗೆ ನೀರು ಉಗುಳ್ತದೆ. ನಾನು ಪೈಪಿನ ನಡುವೆ ನೀರು ಹಿಡಿಯುವ ಫಿಲ್ಟರ್ ಹಾಕಿದ್ದೇನೆ, ದಿನಾ ಬೆಳಿಗ್ಗೆ ಅರ್ಧ ಲೋಟ ಸಿಗ್ತದೆ.

ಹುಬ್ಬಳ್ಳಿ ಕಟಿಂಗ್
ಅರ್ಧ ಲೋಟ! ಚಹಾ ಮಾಡ್ರಿ. ಮೈಸೂರು ಸರ್, ಮೂರನೇ ಲೆನ್ಸ್?

ಮೈಸೂರು ನಾಮಫಲಕ
ಬಿಡಲ್ಲ ನೀವು. ರೆಕ್ಸಿನ್ ಡೈರಿ 60, ಮೇಲೆ ಕಂಪನಿ ಹೆಸರು. ರೆಕ್ಸಿನ್ ಅಂದ್ರೆ ಪಿವಿಸಿ, ಸುಟ್ರೆ ಆಮ್ಲದ ಹೊಗೆ ಅಂತ ಗೊತ್ತಿದ್ದೂ ಒಪ್ಕೊಂಡೆ, ಆ ತಿಂಗಳು ಬಾಡಿಗೆ ಬಾಕಿ ಇತ್ತು. ಎರಡು ವಾರದಲ್ಲಿ ಲೇಸರ್ ತಲೆ ಓಡಾಡೋ ಕಂಬಿಗೆ ತುಕ್ಕು, ಲೆನ್ಸ್ ಮೇಲೆ ಬಿಳಿ ಮಚ್ಚೆ. ಅದು ಯಾವುದರಲ್ಲೂ ಹೋಗ್ಲಿಲ್ಲ. ಆರ್ಡರಿಗೆ ಬಂದಿದ್ದು 3,000. ಸಮಾಧಾನ ಆಯ್ತಾ?

ಹುಬ್ಬಳ್ಳಿ ಕಟಿಂಗ್
ಆತ್ರಿ. ಖರೇ ಹೇಳಿದ್ರಿ, ಅಷ್ಟs ಸಾಕು.

ತುಮಕೂರು ಗಿಫ್ಟ್ಸ್
ಎಲ್ಲರಿಗೂ ಧನ್ಯವಾದ. ಐಸೋಪ್ರೊಪೈಲ್‌ನಲ್ಲಿ ಎಳೆದೆ, ಕಾಫಿ ಚುಕ್ಕೆ ಮುಕ್ಕಾಲು ಹೋಯ್ತು. ಆದ್ರೂ ಎರಡು ಪಾಸ್ ಬೇಕು. ಕನ್ನಡಿ ಎದುರು ಮಾಸ್ಕಿಂಗ್ ಟೇಪ್ ಅಂಟಿಸಿ ನಾಲ್ಕೂ ಮೂಲೆಯಲ್ಲಿ ಟೆಸ್ಟ್ ಹೊಡೆದೆ. ಟ್ಯೂಬಿನ ಹತ್ತಿರದ ಮೂಲೆಯಲ್ಲಿ ಗುರುತು ನಡುವೆ ಇದೆ, ದೂರದ ಮೂಲೆಯಲ್ಲಿ ಅಂಚಿಗೆ ಹೋಗಿದೆ. ಇದು ಅಲೈನ್‌ಮೆಂಟಾ, ಅಂದ್ರೆ ಕನ್ನಡಿಗಳ ಕೋನ ತಪ್ಪಿದ್ದಾ? ಇನ್ನೊಂದು, ಲೆನ್ಸಿನ ಉಬ್ಬಿದ ಮುಖ ಮೇಲೋ ಕೆಳಗೋ? ಬಿಚ್ಚುವಾಗ ನೋಡ್ಕೊಳ್ಳೋಕೆ ಮರೆತೆ.

ಚನ್ನಪಟ್ಟಣ ಅರಗು
ಉಬ್ಬು ಮೇಲೆ, ಕನ್ನಡಿ ಕಡೆಗೆ. ಅಂದಹಾಗೆ ತಾಂಬೂಲದ ಬಿಲ್ಲೆ ಒಂದಕ್ಕೆ ಎಷ್ಟು ಹಿಡಿದ್ರಿ?

ತುಮಕೂರು ಗಿಫ್ಟ್ಸ್
7 ರೂಪಾಯಿ.

ಮೈಸೂರು ನಾಮಫಲಕ
7 ರೂಪಾಯಿಗೆ ಎಂಡಿಎಫ್ ಬಿಲ್ಲೆ! ನಿಮ್ಮಂಥೋರಿಂದಲೇ ಮಾರ್ಕೆಟ್ ಹಾಳಾಗಿರೋದು. 2024ರಲ್ಲಿ ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು ಅಂತ ಕಾನೂನು ಬಂದಾಗ ನಾಲ್ಕು ಕಾಸು ನೋಡ್ಬೋದು ಅಂದ್ಕೊಂಡೆ. ಬೀದಿಗೊಬ್ಬ ಲೇಸರ್ ಇಟ್ಕೊಂಡು ಚದರಡಿ ರೇಟು ಅರ್ಧಕ್ಕೆ ಇಳಿಸಿದ.

ಬೆಂಗಳೂರು ಡಯೋಡ್
ಇಳಿಸಿದ್ರೂ ಪರವಾಗಿಲ್ಲ, ಒತ್ತಕ್ಷರ ಸರಿಯಾಗಿ ಕೊರೀಲಿ. ನಮ್ಮ ಬೀದೀಲಿ ಒಬ್ಬ 'ಲಕ್ಷ್ಮೀ'ಯನ್ನ ಮೂರು ತುಂಡು ಮಾಡಿದ್ದಾನೆ. ಇಂಕ್‌ಸ್ಕೇಪ್‌ನಲ್ಲಿ ಬರೆದು ಪಾತ್ ಮಾಡಿ (ಅಕ್ಷರವನ್ನ ಗೆರೆ ಚಿತ್ರ ಮಾಡಿ) ಕಳಿಸೋಕೆ ಇವರಿಗೆ ಏನು ರೋಗ?

ಮೈಸೂರು ನಾಮಫಲಕ
ನಾವು 'ನುಡಿ' ಸಾಫ್ಟ್‌ವೇರ್‌ನಲ್ಲಿ ಬರೆದು ಕೊರೆದ ಕಾಲದಲ್ಲಿ ಒಂದು ಒತ್ತೂ ಬಿದ್ದಿಲ್ಲ. ಪಾಠ ಬೇಡ.

ಮಂಗಳೂರು ಎನ್‌ಗ್ರೇವರ್
ತುಮಕೂರಿನವರೇ, ಹೌದು, ಅಲೈನ್‌ಮೆಂಟೇ. ದೂರಕ್ಕೆ ಹೋದ ಹಾಗೆ ಗುರುತು ಸರಿದರೆ ಹಿಂದಿನ ಕನ್ನಡಿಯ ಸ್ಕ್ರೂ, ಲೆನ್ಸ್ ಅಲ್ಲ. ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಮುಚ್ಚಳ ತೆಗೆದಿಟ್ಟು ಫೈರ್ ಮಾಡಬೇಡಿ ಆಯ್ತಾ, ಆ ಬೀಮ್ ಕಣ್ಣಿಗೆ ಕಾಣುವುದೇ ಇಲ್ಲ.

ಹುಬ್ಬಳ್ಳಿ ಕಟಿಂಗ್
ಆ ಸ್ಕ್ರೂ ಮುಟ್ಟೂಕಿಂತ ಮೊದ್ಲ ಕನ್ನಡಿ ಒರಸ್ರಿ. ಅಸಿಟೋನ್‌ದಾಗ.

ಮೈಸೂರು ನಾಮಫಲಕ
ಶುರುವಾಯ್ತು.